ಬಿಡಿ ಲೇಸಿನ ವಿನ್ಯಾಸವನ್ನು ಶೇಕಡಾ 70ಕ್ಕೆ ಇಳಿಸಿದೆ, ತೊಳೆದ ಮೇಲೆ ಎಸಳುಗಳು ಕಳಚಿಬಂದವು

ಕೋಡಿಬಾಗದ ಸೂಜಿಮನೆ

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ಮನೆಯಲ್ಲೇ ಒಂದು ಸೂಜಿಯ ಎಂಬ್ರಾಯ್ಡರಿ ಯಂತ್ರ ಇಟ್ಟುಕೊಂಡು ಬ್ಲೌಸ್, ಮಕ್ಕಳ ಅಂಗಿ ಮತ್ತು ಚರ್ಚಿನ ಸಮಾರಂಭಗಳ ಉಡುಪುಗಳಿಗೆ ಕೆಲಸ ಮಾಡಿಕೊಡುತ್ತೇನೆ. ನಾಲ್ಕು ತಿಂಗಳ ಮಗುವಿನ ಜ್ಞಾನಸ್ನಾನದ ಅಂಗಿಗೆ ಎದೆಯ ಮೇಲೊಂದು ಬಿಳಿ ಲೇಸಿನ ಹೂವು, ಕತ್ತಿನ ಸುತ್ತ ಅದಕ್ಕೆ ಹೊಂದುವ ಅಂಚು ಬೇಕೆಂದು ಗಿರಾಕಿಯೊಬ್ಬರು ಕೇಳಿದ್ದಾರೆ. ಬಟ್ಟೆಯ ಆಧಾರವಿಲ್ಲದೆ, ನೀರಿನಲ್ಲಿ ಕರಗುವ ಪೇಪರಿನ ಮೇಲೆ ಹೊಲಿದು ತೊಳೆದಾಗ ದಾರವಷ್ಟೇ ಉಳಿಯುವ ಬಿಡಿ ಲೇಸು ಇದು.

ನಾನು ದುಡ್ಡು ಕೊಟ್ಟು ಪಡೆದಿದ್ದ ವಿನ್ಯಾಸ 96 ಮಿ.ಮೀ. ವ್ಯಾಸದ್ದು, ಎಂಟು ಎಸಳಿನದು, 11,200 ಹೊಲಿಗೆಗಳದು; ಕಡತ ಪಿಇಎಸ್ ರೂಪದಲ್ಲಿದೆ. ಶಿಶುವಿನ ಎದೆಗೆ ಅದು ತಟ್ಟೆಯಷ್ಟು ದೊಡ್ಡದಾಗಿ ಕಂಡದ್ದರಿಂದ ಸಾಫ್ಟ್‌ವೇರಿನಲ್ಲಿ ಶೇಕಡಾ 70ಕ್ಕೆ ಇಳಿಸಿದೆ. ಮೊದಲ ಸಲ ಹೊಲಿಗೆಗಳನ್ನು ಮರುಲೆಕ್ಕ ಮಾಡುವ ಆಯ್ಕೆಯನ್ನು ಹಾಕಿಟ್ಟಿದ್ದೆ. ಹೊಲಿಗೆಗಳ ಸಂಖ್ಯೆ 6,900ಕ್ಕೆ ಇಳಿಯಿತು, ಫ್ರೇಮಿನಲ್ಲಿರುವಾಗ ಹೂವು ಕಣ್ಣಿಗೆ ಹಬ್ಬವಾಗಿತ್ತು, ನೀರಿಗೆ ಹಾಕಿದ ಹತ್ತು ನಿಮಿಷಕ್ಕೆ ಎಂಟರಲ್ಲಿ ಐದು ಎಸಳುಗಳು ನಡುವಿನ ಉಂಗುರದಿಂದ ಕಳಚಿಕೊಂಡು ಬೋಗುಣಿಯಲ್ಲಿ ತೇಲತೊಡಗಿದವು. ಎರಡನೆಯ ಸಲ ಆ ಆಯ್ಕೆಯನ್ನು ತೆಗೆದುಹಾಕಿ ಹೊಲಿದೆ. ದಾರ ಆರು ಸಲ ಕಡಿಯಿತು, ನಡುಭಾಗದಲ್ಲಿ ಪೇಪರು ಹರಿಯಿತು, ಕೊನೆಗೆ ಸೂಜಿಯೂ ಮುರಿಯಿತು. ಹೇಗೋ ಮುಗಿಸಿ ತೊಳೆದರೆ ಸಿಕ್ಕಿದ್ದು ಹಸಿ ಹಪ್ಪಳ ಒಣಗಿದಂತೆ ಗಡಸಾದ ಒಂದು ಬಿಲ್ಲೆ. ಅದನ್ನು ಮಗುವಿನ ಮೈಗೆ ತಾಗಿಸುವಂತಿಲ್ಲ. ಸಮಾರಂಭಕ್ಕೆ ಇನ್ನು ಹದಿನೆಂಟು ದಿನಗಳಿವೆ. ನಾನು ತಪ್ಪಿದ್ದು ಎಲ್ಲಿ?

ಶಿರಸಿಯ ದಾರದುಂಡೆ

ತಂಗೀ, ನೀವು ತಪ್ಪಿದ್ದು ಎರಡು ಕಡೆ, ಆದರೆ ಎರಡಕ್ಕೂ ಮೂಲ ಒಂದೇ: ವಿನ್ಯಾಸ ಕಿರಿದಾದರೂ ದಾರ ಕಿರಿದಾಗುವುದಿಲ್ಲ.

ಎರಡನೆಯ ಪ್ರಯತ್ನದ ಲೆಕ್ಕ ಸುಲಭ, ಅದನ್ನೇ ಮೊದಲು ನೋಡೋಣ. ಅಗಲ ಶೇಕಡಾ 70, ಎತ್ತರ ಶೇಕಡಾ 70 ಆದಾಗ ವಿಸ್ತೀರ್ಣ ಶೇಕಡಾ 49ಕ್ಕೆ ಇಳಿಯುತ್ತದೆ. ಅಂದರೆ ಅದೇ 11,200 ಹೊಲಿಗೆಗಳನ್ನು ಮೊದಲಿನ ಅರ್ಧ ಜಾಗದಲ್ಲಿ ತುಂಬಿಸಲು ಹೊರಟಿದ್ದೀರಿ. ಸ್ಯಾಟಿನ್, ಅಂದರೆ ಒತ್ತೊತ್ತಾಗಿ ಅಡ್ಡಡ್ಡ ಹಾಕಿ ತುಂಬಿಸುವ ಹೊಲಿಗೆಯ ಸಾಲುಗಳ ನಡುವೆ 0.40 ಮಿ.ಮೀ. ಇದ್ದ ಅಂತರ 0.28 ಆಗಿದೆ. ನಾವೆಲ್ಲ ಬಳಸುವ 40 ನಂಬರ್ ದಾರ ಮಲಗಿದಾಗ ಹೆಚ್ಚುಕಡಿಮೆ 0.4 ಮಿ.ಮೀ. ಜಾಗ ಹಿಡಿಯುತ್ತದೆ, ಆದ್ದರಿಂದ ಪ್ರತಿ ಎಳೆಯೂ ಪಕ್ಕದ ಎಳೆಯ ಬೆನ್ನೇರಿದೆ. ಇದರ ಜೊತೆಗೆ ಎಳೆಗಳನ್ನು ಕಟ್ಟಲು ಹಾಕಿದ್ದ 0.6 ಮಿ.ಮೀ.ನ ಪುಟ್ಟ ಹೊಲಿಗೆಗಳು 0.42ಕ್ಕೆ ಇಳಿದಿವೆ. ಅರ್ಧ ಮಿಲಿಮೀಟರಿಗಿಂತ ಗಿಡ್ಡವಾದ ಹೊಲಿಗೆ ಬಂದಲ್ಲಿ ಸೂಜಿ ತಾನು ಈಗಷ್ಟೇ ಮಾಡಿದ ರಂಧ್ರಕ್ಕೇ ಮತ್ತೆ ಇಳಿದು ದಾರವನ್ನು ಸೀಳುತ್ತದೆ, ಪೇಪರನ್ನು ಅಂಚೆಚೀಟಿಯ ಅಂಚಿನಂತೆ ತೂತು ಮಾಡಿ ಹರಿಯುತ್ತದೆ.

ಮೊದಲ ಪ್ರಯತ್ನದ್ದು ಇದಕ್ಕಿಂತ ಸೂಕ್ಷ್ಮವಾದ ತೊಂದರೆ. ಪಿಇಎಸ್, ಡಿಎಸ್‌ಟಿ, ಜೆಇಎಫ್ ಮುಂತಾದ ಯಂತ್ರದ ಕಡತಗಳಲ್ಲಿ ಮುಖ್ಯವಾಗಿ ಇರುವುದು ಸೂಜಿ ಎಲ್ಲೆಲ್ಲಿ ಇಳಿಯಬೇಕು ಎಂಬ ಬಿಂದುಗಳ ಸರಣಿ. ಇದು ಎಸಳು, ಇದು ಎಸಳಿನೊಳಗಿನ ಬಲೆ, ಇದು ಎರಡನ್ನೂ ಹಿಡಿದಿಡುವ ಕಟ್ಟು ಎಂಬ ತಿಳಿವಳಿಕೆ ಬಿಂದುಗಳಲ್ಲಿ ಇರುವುದಿಲ್ಲ. ಮರುಲೆಕ್ಕ ಮಾಡುವಾಗ ಸಾಫ್ಟ್‌ವೇರು ಅವುಗಳನ್ನು ನೋಡಿ ಇದು ಸ್ಯಾಟಿನ್ ಇರಬಹುದು, ಇದು ಒಂದೇ ಗೆರೆಯಲ್ಲಿ ಸಾಗುವ ಬರೀ ಓಟದ ಹೊಲಿಗೆ ಇರಬಹುದು ಎಂದು ಊಹಿಸುತ್ತದೆ, ಊಹಿಸಿದ್ದನ್ನು ಹೊಸದಾಗಿ ಹೊಲಿಗೆ ಹಾಕಿ ತುಂಬಿಸುತ್ತದೆ. ಬಟ್ಟೆಯ ಮೇಲಿನ ಕಸೂತಿಗೆ ಇದು ಸಾಕು, ಏಕೆಂದರೆ ಅಲ್ಲಿ ಬಟ್ಟೆಯೇ ಎಲ್ಲವನ್ನೂ ಹಿಡಿದುಕೊಂಡಿರುತ್ತದೆ. ಬಿಡಿ ಲೇಸಿನಲ್ಲಿ ಮೊದಲು ಹಾಸಿದ ಓಟದ ಹೊಲಿಗೆಯ ಮೇಲೆ ಝಿಗ್‌ಝಾಗ್ ಎರಡೂ ಬದಿಯಿಂದ ಸುತ್ತಿಕೊಂಡರೆ ಮಾತ್ರ ಅದು ಹಗ್ಗವಾಗುತ್ತದೆ. ಮರುಲೆಕ್ಕದಲ್ಲಿ ಓಟದ ಹೊಲಿಗೆಯ ಬಿಂದುಗಳು ಬೇರೆ ಕಡೆ ಬಿದ್ದು, ತಿರುವುಗಳಲ್ಲಿ ಅಡ್ಡದಾರಿ ಹಿಡಿದು, ಝಿಗ್‌ಝಾಗಿನ ಹೊರಗೆ ಜಾರಿರುತ್ತವೆ.

ಇದಕ್ಕಿಂತಲೂ ಮುಖ್ಯವಾದದ್ದು ಎಸಳು ಮತ್ತು ಉಂಗುರ ಒಂದರ ಮೇಲೊಂದು ಏರಿರುವ ಅಂಚು. ಮೂಲದಲ್ಲಿ ಆ ಏರಿಕೆ 1 ಮಿ.ಮೀ. ಇದ್ದಿದ್ದರೆ ನಿಮ್ಮಲ್ಲಿ ಅದು 0.7 ಆಗಿದೆ. ಹೊಲಿಯುವಾಗ ದಾರದ ಎಳೆತಕ್ಕೆ ಪ್ರತಿ ತುಂಡೂ ಒಳಕ್ಕೆ ಸೆಳೆದುಕೊಳ್ಳುತ್ತದೆಯಷ್ಟೆ. ಆ ಸೆಳೆತ ದಾರ, ಬಿಗಿತ ಮತ್ತು ಪೇಪರನ್ನು ಅವಲಂಬಿಸಿದ್ದು, ವಿನ್ಯಾಸದೊಂದಿಗೆ ಅದೂ ಶೇಕಡಾ 70 ಆಗಿ ಕೂರುವುದಿಲ್ಲ. ಎರಡೂ ಕಡೆಯಿಂದ ಸ್ವಲ್ಪಸ್ವಲ್ಪ ಸೆಳೆದರೆ 0.7ರಲ್ಲಿ ಉಳಿಯುವುದು ಎಷ್ಟು? ಪೇಪರು ಇರುವತನಕ ಅದು ಸುಳ್ಳು ಹೇಳುತ್ತದೆ, ನೀರು ಮಾತ್ರ ನಿಜ ಹೇಳುತ್ತದೆ.

ಕಳಚಿದ ಹೂವನ್ನು ಎಸೆಯಬೇಡಿ. ಹೊಸ ಪೇಪರಿನ ಮೇಲೆ ಎಸಳುಗಳನ್ನು ಜೋಡಿಸಿ, ಕೂಡುವಲ್ಲಿ ಸಾಮಾನ್ಯ ಹೊಲಿಗೆ ಯಂತ್ರದಲ್ಲಿ ಕಿರಿದಾದ ಝಿಗ್‌ಝಾಗ್ ಕೊಟ್ಟು ಮತ್ತೊಮ್ಮೆ ತೊಳೆದರೆ ಮಾದರಿಯ ಪುಸ್ತಕಕ್ಕಾದರೂ ಬರುತ್ತದೆ.

ಹೊನ್ನಾವರ ಬಾಬಿನ್

ಅಕ್ಕನವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಇಳಿಸಿದ ವಿನ್ಯಾಸಗಳೆಲ್ಲ ಕೆಡುವುದಿಲ್ಲ, ಪ್ರತಿ ಸಲವೂ ವಿನ್ಯಾಸವನ್ನು ಸಾಫ್ಟ್‌ವೇರಿನಲ್ಲಿ ಹೊಸದಾಗಿ ಬರೆಯಬೇಕಾಗಿಲ್ಲ. ನನ್ನ ಅಂಗಡಿಯಲ್ಲಿ ಹದಿನೈದು ಸೂಜಿಯ ಯಂತ್ರವಿದೆ, ಬರುವ ಕಡತಗಳೆಲ್ಲ ಡಿಎಸ್‌ಟಿ. ಮರುಲೆಕ್ಕವಿಲ್ಲದೆ ಶೇಕಡಾ 90ರಿಂದ 110ರವರೆಗೆ ನಾನು ಧೈರ್ಯವಾಗಿ ಹೋಗುತ್ತೇನೆ, 0.40 ಇದ್ದದ್ದು 0.36 ಅಥವಾ 0.44 ಆಗುತ್ತದೆ, 40 ನಂಬರ್ ದಾರ ಅದನ್ನು ಸಹಿಸಿಕೊಳ್ಳುತ್ತದೆ. ಇನ್ನೂ ಕೆಳಗೆ, ಶೇಕಡಾ 80ರ ಆಸುಪಾಸಿಗೆ ಹೋಗಬೇಕಾದರೆ ಅಂತರ 0.32 ಆಗುತ್ತದೆ, ಆಗ ಮರುಲೆಕ್ಕದ ಗೋಜಿಗೆ ಹೋಗದೆ ದಾರವನ್ನೇ ಇನ್ನೂ ತೆಳುವಾದ 60 ನಂಬರಿಗೆ ಬದಲಿಸಿ, 75/11 ಸೂಜಿಯ ಬದಲು ಅದಕ್ಕಿಂತ ತೆಳುವಾದ 65/9 ಹಾಕುತ್ತೇನೆ. ಬಿಂದುಗಳ ಕ್ರಮ ಮೂಲದಂತೆಯೇ ಇರುವುದರಿಂದ ಕಟ್ಟುಗಳು ತಪ್ಪುವುದಿಲ್ಲ, ದಾರ ತೆಳುವಾದದ್ದರಿಂದ ಇಕ್ಕಟ್ಟೂ ಆಗುವುದಿಲ್ಲ. ಬಾಬಿನ್ನಿಗೂ ಅದೇ 60ರ ದಾರವನ್ನೇ ಸುತ್ತಬೇಕು, ಏಕೆಂದರೆ ಬಿಡಿ ಲೇಸಿಗೆ ಹಿಂಬದಿ ಎಂಬುದೇ ಇಲ್ಲ. ಸಾಮಾನ್ಯ ಬಾಬಿನ್ ದಾರದಲ್ಲಿ ಹೊಲಿದ ಲೇಸನ್ನು ಮಗುಚಿದಾಗ ಕಾಣುವ ಮಂಕು ಬಿಳುಪು ಗಿರಾಕಿಯ ಕಣ್ಣಿಗೆ ತಕ್ಷಣ ಬೀಳುತ್ತದೆ.

ವೇಗವನ್ನೂ ಇಳಿಸಿ. ಬ್ಲೌಸಿಗೆ ನಿಮಿಷಕ್ಕೆ 800 ಹೊಲಿಗೆ ಓಡಿಸುವ ನಾನು ಲೇಸಿಗೆ 500 ದಾಟುವುದಿಲ್ಲ.

ಶಿರಸಿಯ ದಾರದುಂಡೆ

ಶೇಕಡಾ 80ರ ಮಾತು ಒಪ್ಪಿದೆ ತಮ್ಮಾ, ಆದರೆ ಇವರಿಗೆ ಬೇಕಾದದ್ದು 70. ಅಲ್ಲಿ 0.28ರ ಅಂತರ 60 ನಂಬರಿಗೂ ಬಿಗಿಯೇ, ಮೇಲಾಗಿ ಬಲೆಯ ಕಣ್ಣುಗಳು ಮುಚ್ಚಿಹೋಗುತ್ತವೆ. ಲೇಸು ಅಂದರೆ ಅರ್ಧ ದಾರ, ಅರ್ಧ ಗಾಳಿ. ಗಾಳಿಯ ಪಾಲನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಕುಮಟಾದ ಕಿರುಹೊಲಿಗೆ

ಕ್ಷಮಿಸಿ, ನಾನು ಹೊಸಬಳು. ನನ್ನದು ಇದಕ್ಕೆ ತದ್ವಿರುದ್ಧವಾದ ಪ್ರಶ್ನೆ. ಕಿವಿಯೋಲೆಗೆಂದು ಮಾಡಿದ 60 ಮಿ.ಮೀ.ನ ಲೇಸಿನ ವಿನ್ಯಾಸವೊಂದನ್ನು ದೀಪಾವಳಿಯ ಗೂಡುದೀಪದ ಬದಿಗಳಿಗೆ ಹಚ್ಚಲು 90 ಮಿ.ಮೀ.ಗೆ ಹಿಗ್ಗಿಸಿದೆ. ದಾರ ಕಡಿಯಲಿಲ್ಲ, ಸೂಜಿ ಮುರಿಯಲಿಲ್ಲ, ಎಲ್ಲವೂ ಸುಸೂತ್ರವಾಗಿ ಮುಗಿಯಿತು. ತೊಳೆದ ಮೇಲೆ ಮಾತ್ರ ಅದು ಒದ್ದೆ ವೀಳ್ಯದೆಲೆಯಂತೆ ಜೋತುಬಿದ್ದು, ಬೆರಳು ತಾಗಿದಲ್ಲೆಲ್ಲ ಎಳೆ ಸಿಕ್ಕಿಕೊಳ್ಳುತ್ತಿದೆ. ಇನ್ನೊಂದು ಮಾತು, ಕೋಡಿಬಾಗದ ಅಕ್ಕನವರು ಆ ಎಂಟು ಎಸಳಿನ ಕಡತವನ್ನು ನನಗೂ ಕಳುಹಿಸಬಹುದೇ?

ಹೊನ್ನಾವರ ಬಾಬಿನ್

ಶೇಕಡಾ 150ಕ್ಕೆ ಹಿಗ್ಗಿಸಿದಾಗ 0.40ರ ಅಂತರ 0.60 ಆಗುತ್ತದೆ, 3 ಮಿ.ಮೀ.ನ ಬಲೆಯ ಕಣ್ಣು 4.5 ಆಗುತ್ತದೆ, ಅಂಚಿನ 5 ಮಿ.ಮೀ. ಸ್ಯಾಟಿನ್ 7.5 ಆಗುತ್ತದೆ. 7 ಮಿ.ಮೀ. ದಾಟಿದ ಸ್ಯಾಟಿನ್ ಎಳೆ ನಡುವೆ ಎಲ್ಲೂ ಆಸರೆಯಿಲ್ಲದೆ ಸಡಿಲವಾಗಿ ನಿಲ್ಲುವುದರಿಂದ ಬಳೆ, ಉಗುರು, ಸೇಫ್ಟಿ ಪಿನ್ನು ಎಲ್ಲಕ್ಕೂ ಸಿಕ್ಕಿಕೊಳ್ಳುತ್ತದೆ. ಇನ್ನೂ ಹಿಗ್ಗಿಸಿದರೆ ಡಿಎಸ್‌ಟಿಯಲ್ಲಿ ಬೇರೆಯೇ ಗೋಡೆ ಎದುರಾಗುತ್ತದೆ: ಆ ರೂಪದಲ್ಲಿ ಒಂದು ಚಲನೆ 12.1 ಮಿ.ಮೀ.ಗಿಂತ ಉದ್ದವಿರುವಂತಿಲ್ಲ, ಅದಕ್ಕಿಂತ ಉದ್ದದ್ದು ತುಂಡಾಗಿ ಜಿಗಿತವಾಗುತ್ತದೆ. ಗೂಡುದೀಪಕ್ಕೆ ಒಂದನ್ನೇ ಹಿಗ್ಗಿಸುವ ಬದಲು ಮೂಲ ಅಳತೆಯ 60 ಮಿ.ಮೀ.ನ ನಾಲ್ಕನ್ನು ಚೌಕವಾಗಿ ಕೂಡಿಸಿ 120 ಮಿ.ಮೀ.ನ ಬದಿ ಮಾಡಿ ನೋಡಿ. ಹಿಂದಿನಿಂದ ಬೆಳಕು ಬಿದ್ದಾಗ ಸಣ್ಣ ಕಣ್ಣಿನ ಬಲೆಯೇ ಚೆಂದ.

ಕಡತದ ವಿಷಯದಲ್ಲಿ ಮಾತ್ರ ಬೇಸರ ಮಾಡಿಕೊಳ್ಳಬೇಡಿ. ಹೊಲಿದ ಲೇಸನ್ನು ಮಾರಲು ಬಿಡುವ ವಿನ್ಯಾಸಕಾರರು ಅನೇಕರಿದ್ದಾರೆ, ಕಡತವನ್ನು ಹಂಚಲು ಬಿಡುವವರು ವಿರಳ. ನೀವೇ ಕೊಂಡುಕೊಳ್ಳಿ.

ಕೋಡಿಬಾಗದ ಸೂಜಿಮನೆ

ಹೊನ್ನಾವರದವರೇ, ನನ್ನ ಕೆಲಸವನ್ನು ಹಗುರ ಮಾಡಿದಿರಿ. ಇಲ್ಲ ಎನ್ನುವುದು ನನಗೆ ಕಷ್ಟ. ಶಿರಸಿಯ ಅಕ್ಕನವರೇ, ಹಾಗಾದರೆ 67 ಮಿ.ಮೀ.ನ ಹೂವನ್ನು ಮಾಡುವ ದಾರಿ ಯಾವುದು? ನನ್ನ ಸಾಫ್ಟ್‌ವೇರಿನಲ್ಲಿ ಹೊಸದಾಗಿ ಬರೆಯುವ ಸೌಲಭ್ಯವಿದೆ, ಈವರೆಗೆ ಹೆಸರುಗಳನ್ನು ಬರೆಯಲು ಮಾತ್ರ ಅದನ್ನು ಬಳಸಿದ್ದೇನೆ.

ಶಿರಸಿಯ ದಾರದುಂಡೆ

ಮೊದಲ ಹೆಜ್ಜೆಗೆ ಸೂಜಿಯೂ ಬೇಡ, ದಾರವೂ ಬೇಡ. ಮೂಲ ವಿನ್ಯಾಸವನ್ನು ಪರದೆಯ ಮೇಲೆ ನಿಧಾನವಾಗಿ ಹೊಲಿಸಿ ತೋರಿಸುವ ಸೌಲಭ್ಯದಲ್ಲಿ ಎರಡು ಸಲ ಪೂರ್ತಿ ನೋಡಿ, ಕಾಗದದ ಮೇಲೆ ಕ್ರಮವನ್ನು ಬರೆದುಕೊಳ್ಳಿ. ಒಳ್ಳೆಯ ಲೇಸಿನಲ್ಲಿ ಮೊದಲು ಬಲೆಯ ಓಟದ ಹೊಲಿಗೆ ಹೋಗಿ ಅದೇ ದಾರಿಯಲ್ಲಿ ಮರಳಿ ಬರುತ್ತದೆ, ಆಮೇಲೆ ಅದರ ಮೇಲೆ ಕಿರಿದಾದ ಝಿಗ್‌ಝಾಗ್ ಏರುತ್ತದೆ, ಕೊನೆಗೆ ಬಲೆಯ ತುದಿಗಳನ್ನೆಲ್ಲ ನುಂಗಿಕೊಂಡು ಅಂಚಿನ ಸ್ಯಾಟಿನ್ ಬರುತ್ತದೆ. ಮನೆ ಕಟ್ಟುವವರು ಮಾಡಿಗೆ ಪಕಾಸಿ ಹೊಡೆಯದೆ ಹೆಂಚು ಹೊದಿಸುವುದಿಲ್ಲವಲ್ಲ, ಹಾಗೆ. ಬಲೆ ಯಾವ ಯಾವ ಬಿಂದುವಿನಲ್ಲಿ ಸ್ಯಾಟಿನ್ ಒಳಗೆ ಹೋಗುತ್ತದೆ ಎಂಬುದನ್ನು ಗುರುತಿಸಿಕೊಂಡರೆ ವಿನ್ಯಾಸದ ಬೀಗದ ಕೈ ಸಿಕ್ಕಂತೆ.

ನಂತರ ಮೂಲದ ಚಿತ್ರವನ್ನು 67 ಮಿ.ಮೀ.ಗೆ ಇಳಿಸಿ ಹಿನ್ನೆಲೆಯಲ್ಲಿಟ್ಟು ಅದರ ಮೇಲೆ ಬರೆಯಿರಿ. ಆಕಾರ ಚಿಕ್ಕದಾಗಲಿ, ದಾರಕ್ಕೆ ಸಂಬಂಧಿಸಿದ ಅಳತೆಗಳಲ್ಲಿ ಒಂದನ್ನೂ ಚಿಕ್ಕದು ಮಾಡಬೇಡಿ. ಬಲೆಯ ಕಣ್ಣು 3 ಮಿ.ಮೀ. ಇತ್ತೇ? ಈಗಲೂ 3 ಇರಲಿ. ಒಂದು ಎಸಳಿನಲ್ಲಿ ಐದು ಗೆರೆಗಳಿದ್ದಲ್ಲಿ ಮೂರೋ ನಾಲ್ಕೋ ಹಿಡಿಸುತ್ತವೆ, ಅಷ್ಟೇ ಸಾಕು. ಓಟದ ಹೊಲಿಗೆಯ ಉದ್ದ 1.5ರಿಂದ 2 ಮಿ.ಮೀ. ಇರಲಿ. ಅದರ ಮೇಲಿನ ಝಿಗ್‌ಝಾಗ್ 1.2 ಮಿ.ಮೀ. ಅಗಲವಿರಲಿ, ಇದಕ್ಕಿಂತ ಕಿರಿದಾದರೆ ಓಟದ ಹೊಲಿಗೆಯನ್ನು ತಪ್ಪಿಸಿಕೊಂಡು ಪಕ್ಕದಲ್ಲಿ ಇಳಿಯುವ ಅಪಾಯವಿದೆ. ಅಂಚಿನ ಸ್ಯಾಟಿನ್ 0.40ರಲ್ಲೇ ಇರಲಿ. ಎಸಳು ಉಂಗುರವನ್ನು ಏರುವ ಭಾಗ ಪೂರ್ತಿ 1 ಮಿ.ಮೀ., ಮೊದಲ ಸಲ ಬರೆಯುವವರು 1.2 ಇಟ್ಟುಕೊಂಡರೂ ನಷ್ಟವಿಲ್ಲ. ಎಸಳಿನೊಳಗಿನ ಚಿಕ್ಕ ಸುಳಿಗಳನ್ನು ಬಿಟ್ಟುಬಿಡಿ. 96 ಮಿ.ಮೀ.ನಲ್ಲಿ ಸುಳಿಯಂತೆ ಕಂಡದ್ದು 67ರಲ್ಲಿ ಗಂಟಿನಂತೆ ಕಾಣುತ್ತದೆ.

ಒಂದು ಎಸಳನ್ನು ಸರಿಯಾಗಿ ಬರೆದು 45 ಡಿಗ್ರಿಯಂತೆ ತಿರುಗಿಸಿ ಎಂಟು ಪ್ರತಿ ಮಾಡಿಕೊಳ್ಳಿ, ಆದರೆ ಎಂಟನ್ನೂ ಹೊಲಿಯುವ ಮೊದಲು ಎರಡು ಎಸಳು ಮತ್ತು ಕಾಲು ಉಂಗುರವನ್ನು ಮಾತ್ರ ಹೊಲಿದು ತೊಳೆದು ಎಳೆದು ನೋಡಿ. ಕೆಲಸವನ್ನು ಎಸಳು, ಬಲೆ, ಅಂಚು ಬೇರೆಬೇರೆಯಾಗಿ ಗುರುತಿಸಿಕೊಂಡಿರುವ ರೂಪದಲ್ಲಿ, ಅಂದರೆ ಸಾಫ್ಟ್‌ವೇರಿನ ಸ್ವಂತ ಕಡತವಾಗಿಯೂ ಉಳಿಸಿಕೊಳ್ಳಿ. ವಿಲ್ಕಮ್‌ನವರದಾದರೆ ಅದು ಇಎಮ್‌ಬಿ; ದುಡ್ಡಿಲ್ಲದೆ ಸಿಗುವ ಇಂಕ್‌ಸ್ಟಿಚ್‌ನಲ್ಲಾದರೆ ಎಸ್‌ವಿಜಿ. ನಾಳೆ ಇನ್ನೊಬ್ಬರು 75 ಮಿ.ಮೀ. ಕೇಳಿದಾಗ ಪಿಇಎಸ್ ಅನ್ನು ಮತ್ತೆ ಹಿಗ್ಗಿಸುವ ಪಾಡು ಬೇಡ.

ಅಂದಹಾಗೆ, ಅಂಗಡಿಯವರು ಜಿಪಿಓ ಲೇಸು, ಕೆಮಿಕಲ್ ಲೇಸು ಎಂದು ಮೀಟರಿನ ಲೆಕ್ಕದಲ್ಲಿ ಮಾರುವ ಗಿಪ್ಯೂರ್ ಕೂಡ ನಮ್ಮ ಈ ಬಿಡಿ ಲೇಸಿನ ಹಿರಿಯಕ್ಕನೇ. ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲೆನ್ ಪ್ರದೇಶದಲ್ಲಿ ಐಸಾಕ್ ಗ್ರೋಬ್ಲಿ 1863ರಲ್ಲಿ ರೂಪಿಸಿದ ಶಿಫ್ಲಿ ಯಂತ್ರದ ಕಸೂತಿಯನ್ನು 1880ರ ದಶಕದಲ್ಲಿ ರೇಷ್ಮೆಯ ಮೇಲೆ ಹತ್ತಿ ದಾರದಲ್ಲಿ ಹೊಲಿದು, ರೇಷ್ಮೆಯನ್ನು ರಾಸಾಯನಿಕದಲ್ಲಿ ಕರಗಿಸಿ ಲೇಸು ತೆಗೆಯುತ್ತಿದ್ದರು. ನಮಗೆ ಬೋಗುಣಿ ನೀರು ಸಾಕು.

ಅಂಕೋಲೆಯ ಅಂಚುಗಾರ್ತಿ

ನೀರಿನ ಮಾತು ಬಂದದ್ದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ. ಲೆಕ್ಕವೆಲ್ಲ ಸರಿಯಿದ್ದೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೇಸು ಅಳತೆ ತಪ್ಪುವುದುಂಟು. ಪಾರದರ್ಶಕ ಫಿಲ್ಮಿನಂತಹ ಪೇಪರು ಗಾಳಿಯ ತೇವವನ್ನು ಕುಡಿದು ಮೆತ್ತಗಾಗುತ್ತದೆ. ಬೆಳಿಗ್ಗೆ ಫ್ರೇಮಿನಲ್ಲಿ ಚಂಡೆಯಂತೆ ಬಿಗಿಯಾಗಿದ್ದದ್ದು ಮಧ್ಯಾಹ್ನ ಕರೆಂಟು ಹೋಗಿ ಬರುವಷ್ಟರಲ್ಲಿ ಜಗ್ಗಿರುತ್ತದೆ, ಆಗ ಮೊದಲು ಹೊಲಿದ ಬಲೆಗೂ ಆಮೇಲೆ ಹೊಲಿದ ಅಂಚಿಗೂ ಹೊಂದಾಣಿಕೆ ತಪ್ಪುತ್ತದೆ. 1 ಮಿ.ಮೀ.ನ ಏರಿಕೆಯನ್ನೇ ನಂಬಿಕೊಂಡಿರುವಾಗ ಇದು ಸಣ್ಣ ಮಾತಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕ ನಾನು ಫಿಲ್ಮನ್ನು ಬಿಟ್ಟು, ಬಟ್ಟೆಯಂತೆ ನಾರಿರುವ ಕರಗುವ ಪೇಪರನ್ನು ಎರಡು ಪದರ ಹಾಕುತ್ತೇನೆ. ಸೂಜಿಯ ತೂತುಗಳಿಗೂ ಅದು ಸುಲಭಕ್ಕೆ ಹರಿಯುವುದಿಲ್ಲ. ಸುರುಳಿಯನ್ನು ಹಪ್ಪಳದಂತೆಯೇ ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆಗೆ ಇಡುತ್ತೇನೆ.

ತೊಳೆಯುವ ನೀರನ್ನೂ ನೋಡಿಕೊಳ್ಳಿ. ನಮ್ಮ ಚಿರೆಕಲ್ಲಿನ ಬಾವಿಗಳಲ್ಲಿ ಮೊದಲ ಮಳೆಗೆ ಬರುವ ಕೆಂಪು ಛಾಯೆ ಬಿಳಿ ಲೇಸಿಗೆ ಇಳಿದರೆ ಹೋಗುವುದಿಲ್ಲ. ಕುಡಿಯಲು ಸೋಸಿದ ನೀರೇ ಇರಲಿ. ತೋರಣಕ್ಕೋ ಗೂಡುದೀಪಕ್ಕೋ ಆದರೆ ಬೇಗ ಎತ್ತಿಬಿಡಿ, ಉಳಿದ ಅಂಟು ಒಣಗಿ ಗಂಜಿ ಹಾಕಿದಂತೆ ನಿಲ್ಲುತ್ತದೆ. ಮಗುವಿನ ಅಂಗಿಗೆ ನಾಲ್ಕೈದು ಸಲ ಉಗುರುಬೆಚ್ಚಗಿನ ನೀರು ಬದಲಿಸಿ ಜಾರುವಿಕೆ ಪೂರ್ತಿ ಹೋಗುವ ತನಕ ಜಾಲಿಸಿ. ಒಣಗಿಸುವಾಗ ಥರ್ಮೋಕೋಲಿನ ಮೇಲೆ ಅಳತೆಯ ವೃತ್ತ ಬರೆದ ಕಾಗದ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಸಿ ಪಿನ್ನು ಚುಚ್ಚಿ. ಪಿನ್ನುಗಳು ಸ್ಟೇನ್‌ಲೆಸ್ ಆಗಿರಲಿ, ಕಡಲ ಗಾಳಿಗೆ ಸಾಮಾನ್ಯ ಪಿನ್ನು ರಾತ್ರಿ ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕೆ ಬಿಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಹಳದಿ ಮಾಡಿಕೊಂಡ ಅನುಭವ ನನಗಿದೆ. ಹೊಗೆ ಅಡಿಕೆಗೆ ಒಳ್ಳೆಯದು.

ಕೋಡಿಬಾಗದ ಸೂಜಿಮನೆ

ಕತ್ತಿನ ಅಂಚಿನ ಬಗ್ಗೆಯೂ ಕೇಳಿಬಿಡುತ್ತೇನೆ. ಅಂಚಿನ ವಿನ್ಯಾಸದ ಒಂದು ಆವರ್ತನೆ 34 ಮಿ.ಮೀ. ಉದ್ದವಿದೆ. ಅಂಗಿಯ ಕತ್ತಿನ ಸುತ್ತಳತೆ 290 ಮಿ.ಮೀ. ಇದನ್ನು ಉದ್ದಕ್ಕೆ ಮಾತ್ರ ಎಳೆಯಬಹುದೇ?

ಹೊನ್ನಾವರ ಬಾಬಿನ್

ಒಂದೇ ದಿಕ್ಕಿಗೆ ಎಳೆದರೆ ವೃತ್ತಗಳು ಮೊಟ್ಟೆಯಾಗುತ್ತವೆ, ಆ ದಿಕ್ಕಿನ ಸಾಲುಗಳ ಅಂತರ ಮಾತ್ರ ಬದಲಾಗುತ್ತದೆ. ಅಂಚಿಗೆ ಎಣಿಕೆಯ ದಾರಿಯೇ ಸರಿ. 290ನ್ನು 34ರಿಂದ ಭಾಗಿಸಿದರೆ 8.53 ಬರುತ್ತದೆ. ಒಂಬತ್ತು ಆವರ್ತನೆ ಇಡಿ. ಆಗ ಒಂದೊಂದೂ 32.2 ಮಿ.ಮೀ. ಆಗಬೇಕು, ಅಂದರೆ ಶೇಕಡಾ 95ರ ಹತ್ತಿರ. ಅಷ್ಟು ಇಳಿಕೆಯನ್ನು ಮರುಲೆಕ್ಕವಿಲ್ಲದೆ, ದಾರವನ್ನೂ ಬದಲಿಸದೆ ಮಾಡಬಹುದು. ನಿಮ್ಮ ಫ್ರೇಮು 100 ಮಿ.ಮೀ.ನದಾದರೆ ಮೂರು ಮೂರರಂತೆ ಹೊಲಿಯಿರಿ, 96.6 ಮಿ.ಮೀ. ಆಗುತ್ತದೆ. ತುಂಡುಗಳನ್ನು ಕೂಡಿಸಲು ಪ್ರತಿಯೊಂದರ ತುದಿಯಲ್ಲಿ ಪುಟ್ಟ ಕುಣಿಕೆ ಬಿಟ್ಟುಕೊಂಡರೆ ಕೈಹೊಲಿಗೆಗೆ ಅನುಕೂಲ.

ಶಿರಸಿಯ ದಾರದುಂಡೆ

ಒಂದು ತುಂಡನ್ನು ಮೊದಲು ಹೊಲಿದು, ತೊಳೆದು, ಒಣಗಿಸಿ ಅಳೆದು ಆಮೇಲೆ ಉಳಿದೆರಡನ್ನು ಹೊಲಿಯಿರಿ. ತೊಳೆದ ಮೇಲೆ ಲೇಸು ಕುಗ್ಗುತ್ತದೆ. ನನ್ನ ಯಂತ್ರದಲ್ಲಿ, ನನ್ನ ದಾರದಲ್ಲಿ 100 ಮಿ.ಮೀ. ಹೊಲಿದದ್ದು ಒಣಗಿದಾಗ 97 ಆಗುತ್ತದೆ. ನಿಮ್ಮದನ್ನು ನಿಮ್ಮ ಯಂತ್ರವೇ ಹೇಳಬೇಕು.

ಕೋಡಿಬಾಗದ ಸೂಜಿಮನೆ

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಎಸಳನ್ನು ಬರೆಯಲು ಮೂರು ಸಂಜೆಗಳು ಹಿಡಿದವು. ಮೊದಲ ಪರೀಕ್ಷೆಯಲ್ಲಿ ಎರಡು ಎಸಳುಗಳಲ್ಲಿ ಒಂದು ಮತ್ತೆ ಕಳಚಿತು. ನೋಡಿದರೆ ಎಸಳಿನ ಬಲೆಯನ್ನು ನಾನು ಉಂಗುರದ ಒಳ ಅಂಚಿನ ತನಕ ಒಯ್ಯದೆ ಹೊರ ಅಂಚಿಗೇ ನಿಲ್ಲಿಸಿದ್ದೆ. ಅದನ್ನು ತಿದ್ದಿದ ಮೇಲೆ ಎರಡೂ ಕೈಗಳಿಂದ ಎಳೆದರೂ ಬಿಡಲಿಲ್ಲ. ಪೂರ್ತಿ ಹೂವು 5,400 ಹೊಲಿಗೆಗಳದಾಯಿತು, ಹೊಲಿದಾಗ 67 ಇದ್ದದ್ದು ಒಣಗಿದಾಗ 65.5 ಮಿ.ಮೀ. ಬಂದಿದೆ. ಸುಳಿಗಳಿಲ್ಲದ್ದನ್ನು ಗಿರಾಕಿ ಗಮನಿಸಲಿಲ್ಲ, ನಾನೂ ಹೇಳಲಿಲ್ಲ.

ಕತ್ತಿನ ಅಂಚಿನಲ್ಲಿ ಮೊದಲ ತುಂಡು 94.5ಕ್ಕೆ ಕುಗ್ಗಿದ್ದನ್ನು ನೋಡಿ, ಉಳಿದೆರಡನ್ನು ಶೇಕಡಾ 97ಕ್ಕೆ ಬದಲಿಸಿ ಹೊಲಿದೆ. ಅವು ಫ್ರೇಮಿನಲ್ಲಿ 99 ಮಿ.ಮೀ. ಆಗಿ ಕೂದಲೆಳೆಯಲ್ಲಿ ಹಿಡಿಸಿದವು, ಒಣಗಿದಾಗ 96.8 ಬಂದವು. ಮೂರನ್ನೂ ಕೂಡಿಸಿದರೆ 288 ಮಿ.ಮೀ. ಉಳಿದ 2 ಮಿ.ಮೀ. ಹಿಂಭಾಗದ ಗುಂಡಿಯ ಪಟ್ಟಿಯಲ್ಲಿ ಮರೆಯಾಗಿದೆ. ಈಗ ಅದೇ ಮನೆಯವರು ಇದೇ ಹೂವನ್ನು 140 ಮಿ.ಮೀ.ನಲ್ಲಿ ದೇವರ ಪೀಠದ ಬಟ್ಟೆಗೆ ಕೇಳುತ್ತಿದ್ದಾರೆ.

ಶಿರಸಿಯ ದಾರದುಂಡೆ

ನಿಮ್ಮ 67ರ ಕಡತವನ್ನು ಮುಟ್ಟಬೇಡಿ, 96ರದನ್ನೂ ಬೇಡ. ಹೊಸ ಹಾಳೆ ತೆಗೆಯಿರಿ, ಬಲೆಯ ಕಣ್ಣು 3 ಮಿ.ಮೀ. ಎಂದು ಮೇಲೆ ಬರೆದುಕೊಳ್ಳಿ, ಬಿಟ್ಟಿದ್ದ ಸುಳಿಗಳನ್ನು ಈ ಸಲ ಹಾಕಿ. 100 ಮಿ.ಮೀ.ನ ಫ್ರೇಮಿನಲ್ಲಿ ಒಂದೇ ಬಾರಿಗೆ ಹಿಡಿಸುವುದಿಲ್ಲವಾದ್ದರಿಂದ ಉಂಗುರವನ್ನು ಬೇರೆ, ಎಸಳುಗಳನ್ನು ಎರಡೆರಡಾಗಿ ಬೇರೆ ಹೊಲಿದು ಕೈಯಿಂದ ಕೂಡಿಸಬೇಕಾಗುತ್ತದೆ. ಕೂಲಿಯನ್ನು ಹೇಳುವಾಗ ಆ ಕೈಕೆಲಸವನ್ನೂ ಸೇರಿಸಿ ಹೇಳಿ.